ಭಂಡಾರ ಹಿಡಿದ ಕೈ

ನನ್ನ ಮಗಳಿಗೆ ಸೈಕಲ್ ಬೇಕಾಗಿರಲಿಲ್ಲ. ಬೇಕಾಗಿದ್ದು ನನಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಓಣಿಯವರು ಇವತ್ತಿಗೂ ‘ಮಗಳ ಸಲುವಾಗಿ ಎಷ್ಟು ಓಡ್ಯಾಡಿದರಿ ಅಕ್ಕೋರ’ ಎಂದು ಹೊಗಳುತ್ತಾರೆ. ಹೊಗಳಿದಾಗೆಲ್ಲ ನಾನು ತರಕಾರಿ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿ ಬೇರೆ ಮಾತು ತೆಗೆಯುತ್ತೇನೆ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ನನ್ನ ಗಂಡ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದಾರೆ, ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದಾರೆ, ಶನಿವಾರ ಸಂಜೆ ಮನೆಗೆ ಬರುತ್ತಾರೆ. ಮನೆಯಲ್ಲಿ ಉಳಿದವರು ನಾನು, ನನ್ನ ಅತ್ತೆ, ಮಗಳು. ಮಗಳು ನಾಲ್ಕನೆಯ ಇಯತ್ತೆಯವರೆಗೆ ಹಿಂದಿನ ಓಣಿಯ ಶಾಲೆಗೆ ಆಯಿಯ ಕೈ ಹಿಡಿದು ಹೋಗುತ್ತಿದ್ದಳು. ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುತ್ತಾರೆ. ಐದನೆಯದಕ್ಕೆ ಅವಳನ್ನು ದೂರದ ಸೆಕ್ಟರಿನ ದೊಡ್ಡ ಶಾಲೆಗೆ ಹಾಕಿದೆವು. ಅದರ ಗಂಟೆ ಹೊಡೆಯುವುದು ನನ್ನ ಬಸ್ಸು ಹೋದ ಮೇಲೆ. ಅತ್ತೆಗೆ ಮೊಣಕಾಲು ನೋವು. ಮಕ್ಕಳನ್ನು ಕಡಲೆ ಚೀಲದ ಹಾಗೆ ತುಂಬುವ ಆಟೋ ನನಗೆ ಬೇಡ. ಮಗಳು ಸೈಕಲ್ ಕಲಿತರೆ ನನ್ನ ಬಸ್ಸು ತಪ್ಪುವುದಿಲ್ಲ, ಇದು ನನ್ನ ಲೆಕ್ಕಾಚಾರ.

ಬೇಸಿಗೆ ರಜೆಯ ಶುರುವಿನಲ್ಲಿ ಸೈಕಲ್ ಬಂತು. ಗಂಡ ಅದನ್ನು ಇಳಕಲ್ಲಿನಿಂದ ಕಲ್ಲು ತರುವ ಗಾಡಿಯಲ್ಲಿ, ಹಾಸುಗಲ್ಲುಗಳ ಪಕ್ಕ ಹಗ್ಗ ಬಿಗಿದು ತಂದಿದ್ದರು. ಮಗಳು ಒಂದು ಸುತ್ತು ಹಾಕಿ ನೋಡಿದಳು, ಬೆಲ್ ಬಾರಿಸಿದಳು, ‘ಚಂದ ಐತಿ’ ಎಂದು ಒಳಗೆ ಹೋದಳು. ಮಂದಿಯ ಮನೆಯ ಕೂಸನ್ನು ನೋಡಿ ಬಂದವರು ಹೇಳುವಂತೆ ಹೇಳಿದಳು. ಅವಳ ಸ್ವಭಾವವೇ ಹಾಗೆ. ಸ್ನಾನದ ನೀರಿಗೆ ಮೊದಲು ಒಂದು ಬೆರಳು ಅದ್ದಿ ನೋಡುವವಳು, ಜಾರುಬಂಡೆಯ ಮೆಟ್ಟಿಲು ಹತ್ತಿ ಮೇಲಿನ ಗಾಳಿ ಕುಡಿದು ಮತ್ತೆ ಮೆಟ್ಟಿಲಿನಿಂದಲೇ ಇಳಿದು ಬರುವವಳು. ನನ್ನದು ಮೂಗಿನ ತುದಿಯಲ್ಲಿ ಕೋಪ. ಇಬ್ಬರನ್ನೂ ಒಂದೇ ಸೈಕಲ್ಲಿಗೆ ಕಟ್ಟಿದ್ದೇ ತಪ್ಪು ಎಂದು ಈಗ ಅನ್ನಿಸುತ್ತದೆ.

ಸೈಕಲ್ ಕಲಿಯಲು ನವನಗರಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಅಗಲ ರಸ್ತೆ, ಎರಡೂ ಕಡೆ ಇನ್ನೂ ಮನೆ ಏಳದ ಖಾಲಿ ಸೈಟುಗಳು, ಬೆಳಗಿನ ಹೊತ್ತಿನಲ್ಲಿ ಹಾಲಿನವನು ಮತ್ತು ವಾಕಿಂಗ್ ಹೋಗುವ ನಿವೃತ್ತರನ್ನು ಬಿಟ್ಟರೆ ಯಾರೂ ಇಲ್ಲ. ನಾನು ಓಢಣಿಯನ್ನು ನಡುವಿಗೆ ಬಿಗಿದು, ಕ್ಯಾರಿಯರ್ ಹಿಡಿದು, ‘ಹಿಡದೇನಿ, ತುಳಿ ತುಳಿ’ ಎಂದು ಓಡಿದೆ. ಸ್ವಲ್ಪ ದೂರ ಹೋದ ಮೇಲೆ, ಎಲ್ಲರೂ ಮಾಡುವ ಹಾಗೆ, ಬಾಯಲ್ಲಿ ‘ಹಿಡದೇನಿ’ ಅನ್ನುತ್ತಲೇ ಕೈ ಬಿಟ್ಟೆ. ಅವಳು ರಸ್ತೆ ಬದಿಯ ಜಲ್ಲಿ ಖಡಿಯ ಮೇಲೆ ಬಿದ್ದಳು. ಮೊಣಕಾಲು, ಮೊಣಕೈ ಎರಡೂ ತರಚಿದವು.

‘ಹಿಡದೇನಿ ಅಂದು ಬಿಟ್ಟಿ’ ಎಂದಳು. ಅಳಲಿಲ್ಲ.

‘ಎಲ್ಲಾರೂ ಹಿಂಗ ಕಲಿಯೂದು. ನಮ್ಮಪ್ಪನೂ ನನಗ ಹಿಂಗ ಕಲಿಸಿದ್ದು’ ಎಂದೆ.

ಮರುದಿನವೂ ಹಾಗೇ ಮಾಡಿದೆ, ಮತ್ತೆ ಬಿದ್ದಳು. ಅಲ್ಲಿಗೆ ಮುಗಿಯಿತು. ‘ನಾ ವಲ್ಲೆ’ ಎಂದು ಕುಳಿತಳು. ನಾನು ಬೈದೆ, ಪುಸಲಾಯಿಸಿದೆ, ಎದುರು ಮನೆಯ ಚಿಕ್ಕ ಹುಡುಗಿ ಸೈಕಲ್ ಮೇಲೆ ಹಾಲು ತರುವುದನ್ನು ತೋರಿಸಿ ಹಂಗಿಸಿದೆ. ಅಮೀನಗಡದ ಕರದಂಟು ತಂದುಕೊಟ್ಟೆ. ತಿಂದು, ಕೈ ತೊಳೆದುಕೊಂಡು, ಮತ್ತೆ ‘ನಾ ವಲ್ಲೆ’ ಎಂದಳು. ಮೇ ತಿಂಗಳು ಕರಗುತ್ತಿತ್ತು. ನನಗೆ ದಿನವೂ ಬಸ್ಸು ಕಣ್ಣ ಮುಂದೆ ಬರುತ್ತಿತ್ತು.

ಒಂದು ಬೆಳಿಗ್ಗೆ ಅವಳೇ ನನ್ನ ಬಳಿ ಬಂದಳು, ಬಲಗೈ ಮುಷ್ಟಿ ಕಟ್ಟಿಕೊಂಡು. ಬಿಚ್ಚಿದರೆ ಅಂಗೈಯಲ್ಲಿ ಭಂಡಾರ.

ಬೀರಪ್ಪ ನಮ್ಮ ಮನೆದೇವರು. ಬಾದಾಮಿ ಕಡೆ ಗಂಡನ ಊರಿನಲ್ಲಿ ಗುಡಿಯಿದೆ, ಭಾವನವರು ಅಲ್ಲಿ ಹೊಲ ಮತ್ತು ಕುರಿ ನೋಡಿಕೊಂಡಿದ್ದಾರೆ. ಆ ಗುಡಿಯ ಅರಿಷಿಣದ ಪುಡಿಯೇ ಭಂಡಾರ. ಅತ್ತೆ ಅದನ್ನು ಒಂದು ಹಿತ್ತಾಳೆ ಡಬ್ಬಿಯಲ್ಲಿ ದೇವರ ಜಗುಲಿಯ ಮೇಲೆ ಇಟ್ಟಿರುತ್ತಾರೆ. ಊರಿಗೆ ಹೊರಟವರ ಹಣೆಗೂ ಅದೇ, ಜ್ವರ ಬಂದವರ ಹಣೆಗೂ ಅದೇ. ಮನೆಯಲ್ಲಿ ಜಗಳ ಬಂದು ಯಾರದು ಖರೆ ಯಾರದು ಸುಳ್ಳು ಎಂಬುದು ಬಗೆಹರಿಯದಿದ್ದರೆ ಡಬ್ಬಿಯನ್ನು ಮುಂದಿಟ್ಟು, ‘ಭಂಡಾರ ಹಿಡದು ಹೇಳು’ ಅನ್ನುತ್ತಾರೆ. ಅಲ್ಲಿಗೆ ಜಗಳ ಬಂದ್. ಭಂಡಾರ ಹಿಡಿದು ಸುಳ್ಳು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಅದಕ್ಕೆ ಒಂದು ಕಥೆಯೂ ಇತ್ತು. ಅತ್ತೆಯ ತವರಿನಲ್ಲಿ ಒಬ್ಬ ಯಾರದೋ ಟಗರು ನುಂಗಿಹಾಕಿ, ದೈವದ ಮುಂದೆ ಭಂಡಾರ ಹಿಡಿದು ‘ನಾ ಕಂಡಿಲ್ಲ’ ಅಂದನಂತೆ. ಮುಂದಿನ ಸುಗ್ಗಿ ಬರುವಷ್ಟರಲ್ಲಿ ಲಕ್ವಾ ಹೊಡೆದು, ಭಂಡಾರ ಹಿಡಿದ ಆ ಬಲಗೈಯೇ ಬಿದ್ದುಹೋಯಿತಂತೆ. ಸಾಯುವತನಕ ಎಡಗೈಯಲ್ಲೇ ಉಂಡನಂತೆ. ನಾನು ಹುನಗುಂದದ ಮಕ್ಕಳಿಗೆ ಮೂಢನಂಬಿಕೆಯ ಪಾಠ ಮಾಡುತ್ತಿದ್ದ ಹೊತ್ತಿನಲ್ಲಿ ನನ್ನ ಮಗಳು ಆಯಿಯ ಮುಂದೆ ಕುಳಿತು, ರೊಟ್ಟಿಯ ತುತ್ತಿನ ಜೊತೆ ಈ ಕಥೆಯನ್ನು ನುಂಗಿ ಬೆಳೆದಿದ್ದಳು. ಅವಳನ್ನು ಬೆಳೆಸಿದ್ದು ಅತ್ತೆ. ಆದ್ದರಿಂದ ಅತ್ತೆಯ ಕಾಯಿದೆಯೇ ಅವಳ ಕಾಯಿದೆ.

‘ಇದನ್ನ ಹಿಡದು ಹೇಳು’ ಎಂದಳು ಮಗಳು. ‘ನಾ ಬಿಡು ಅನ್ನೂತನಕ ಬಿಡಂಗಿಲ್ಲ ಅಂತ.’

ನನಗೆ ನಗು ಬಂತು. ಸಿಟ್ಟೂ ಬಂತು, ತಾಯಿಯ ಮಾತಿಗೆ ಸಾಕ್ಷಿ ಬೇಕಾಯಿತೇ ಎಂದು. ಆದರೆ ಸೈಕಲ್ ಹತ್ತುತ್ತಾಳಲ್ಲ, ಅಷ್ಟು ಸಾಕಾಗಿತ್ತು. ಬಲಗೈ ಚಾಚಿ ಭಂಡಾರ ಇಸಿದುಕೊಂಡು, ‘ನೀ ಬಿಡು ಅನ್ನೂತನಕ ಬಿಡಂಗಿಲ್ಲ, ಬೀರಪ್ಪನಾಣಿ’ ಎಂದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಆ ಭಂಡಾರವನ್ನು ನನ್ನ ಹಣೆಗೂ ತನ್ನ ಹಣೆಗೂ ಹಚ್ಚಿ, ಮಿಕ್ಕಿದ್ದನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ಸವರಿದಳು.

ಆಮೇಲೆ ಆದ ಬದಲಾವಣೆಯನ್ನು ಕಣ್ಣಾರೆ ಕಂಡೆ. ಕಿವಿಯತನಕ ಏರಿರುತ್ತಿದ್ದ ಭುಜ ಇಳಿಯಿತು. ಹಿಂದೆ ತಿರುಗಿ ನೋಡುವುದು ನಿಂತಿತು. ನಾನು ಹಿಡಿದಿದ್ದೇನೆ ಎಂಬ ಒಂದೇ ಬಲದ ಮೇಲೆ ಅವಳು ಬ್ರೇಕ್ ಕಲಿತಳು, ತಿರುವು ಕಲಿತಳು, ಎದುರಿಗೆ ನಾಯಿ ಬಂದರೆ ಬೆಲ್ ಹೊಡೆಯುವುದನ್ನೂ ಕಲಿತಳು. ನಾನು ಏದುಸಿರು ಬಿಡುತ್ತ ಹಿಂದೆ ಓಡುತ್ತಿದ್ದೆ. ಅವಳು ಮಾತ್ರ ‘ಬಿಡು’ ಅನ್ನುತ್ತಿರಲಿಲ್ಲ. ದಿನಕ್ಕೊಮ್ಮೆ ಕೇಳುತ್ತಿದ್ದೆ, ‘ಬಿಡ್ಲೇನು?’ ‘ಈಗ ಬ್ಯಾಡ, ನಾ ಹೇಳ್ತೇನಿ’ ಎಂಬ ಉತ್ತರ ಬರುತ್ತಿತ್ತು.

ಶಾಲೆಗಳು ತೆರೆಯುವ ಮುಂಚಿನ ಒಂದು ದಿನ ನನ್ನ ತಾಳ್ಮೆ ತೀರಿತು. ಅವಳು ಸರಿಯಾಗಿಯೇ ಹೊಡೆಯುತ್ತಿದ್ದಳು, ನನ್ನ ಕೈ ಕ್ಯಾರಿಯರಿನ ಮೇಲೆ ಸುಮ್ಮನೆ ಇತ್ತು ಅಷ್ಟೆ. ಇದೆಂಥ ಹುಚ್ಚು, ಇದನ್ನು ಎಷ್ಟು ದಿನ ನಡೆಸುವುದು ಅನ್ನಿಸಿತು. ಕೈ ತೆಗೆದೆ, ನಿಂತೆ. ಅವಳು ಹೋದಳು. ರಸ್ತೆಯ ಕೊನೆಯ ಬೇವಿನ ಗಿಡದ ತನಕ ನೂಲು ಹಿಡಿದಂತೆ ನೆಟ್ಟಗೆ ಹೋಗಿ, ಚಂದವಾಗಿ ತಿರುಗಿಸಿಕೊಂಡಳು. ಆಗ ನಾನು ದೂರದಲ್ಲಿ ನಡುವಿನ ಮೇಲೆ ಕೈಯಿಟ್ಟು ನಿಂತಿದ್ದು ಕಂಡಿತು. ನಾನು ಚಪ್ಪಾಳೆ ಹೊಡೆದೆ. ಅವಳು ಬ್ರೇಕ್ ಹಿಡಿದು ಇಳಿದು, ಸೈಕಲ್ ತಳ್ಳಿಕೊಂಡು ನಡೆದು ಬಂದಳು.

‘ಯಾವ ಕೈಲೆ ಹಿಡಿದಿದ್ದಿ?’ ಎಂದು ಕೇಳಿದಳು.

‘ಇದ ಕೈಲೆ’ ಎಂದು ಬಲಗೈ ತೋರಿಸಿದೆ. ‘ಬಿಟ್ಟೆ, ಏನಾತು? ಬಿದ್ದಿಯೇನು?’

ಅವಳು ಆ ಕೈಯನ್ನು ಹಿಡಿದು, ಮಗುಚಿ, ಒಳಗೂ ಹೊರಗೂ ನೋಡಿದಳು. ಮುನಿಸು ಎಂದುಕೊಂಡೆ. ಮುನಿಸು ಎಷ್ಟು ಹೊತ್ತು ಇರುತ್ತದೆ? ಮನೆಗೆ ಹೋಗಿ ಉಪ್ಪಿಟ್ಟು ಮಾಡಿ, ಗಂಡನಿಗೆ ಫೋನ್ ಮಾಡಿ, ‘ನಿಮ್ಮ ಮಗಳು ಕಲತ್ಲರಿ’ ಎಂದು ಸಂಭ್ರಮಪಟ್ಟೆ.

ಜೂನ್ ಬಂತು. ಮಗಳು ಹೊಸ ಶಾಲೆಗೆ ತಾನೇ ಸೈಕಲ್ ಮೇಲೆ ಹೋಗತೊಡಗಿದಳು, ನನ್ನ ಬಸ್ಸು ತಪ್ಪಲಿಲ್ಲ. ಅದಕ್ಕಿಂತ ಹೆಚ್ಚಿನ ಸುಖ ಒಂದು ಸಿಕ್ಕಿತು. ಹುಡುಗಿ ಇದ್ದಕ್ಕಿದ್ದ ಹಾಗೆ ನನ್ನ ಮೇಲೆ ಮಮತೆ ಸುರಿಸತೊಡಗಿದಳು. ಸಂಜೆ ನಾನು ಗೇಟಿಗೆ ಬರುತ್ತಿದ್ದಂತೆ ಓಡಿ ಬಂದು ಚೀಲ ಕಸಿದುಕೊಳ್ಳುತ್ತಿದ್ದಳು. ತುಂಬಿದ ಬಕೆಟ್ ಎತ್ತಲು ಬಿಡುತ್ತಿರಲಿಲ್ಲ. ನೀರು ತಂದುಕೊಟ್ಟು, ನಾನು ಕುಡಿದು ಲೋಟ ಕೆಳಗಿಡುವತನಕ ನಿಂತಿರುತ್ತಿದ್ದಳು. ಓದುತ್ತ ಕುಳಿತಾಗ ನನ್ನ ಬಲಗೈ ಬೆರಳುಗಳ ನೆಟಿಗೆ ಮುರಿಯುತ್ತಿದ್ದಳು, ‘ನೋವಾತೇನು? ತಿಳೀತೇನು?’ ಎಂದು ಒಂದೊಂದು ಬೆರಳಿಗೂ ಕೇಳುತ್ತ. ನಾನು ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿಕೊಂಡು ಬೀಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಯಾರಾದರೂ ಅಂದಿದ್ದರೆ ಚೆನ್ನಾಗಿತ್ತು. ಎಲ್ಲರೂ ‘ಪುಣ್ಯಾ ಮಾಡೀರಿ’ ಎಂದರು.

ಒಂದು ಸಂಜೆ ಹುನಗುಂದದಿಂದ ಬರುವಾಗ ಬಸ್ಸಿನ ಕಿಟಕಿಯ ಸರಳಿಗೆ ಬಲಗೈ ಸಿಕ್ಕಿಸಿ ಮಲಗಿಬಿಟ್ಟಿದ್ದೆ. ಇಳಿಯುವಾಗ ಕೈ ಪೂರ್ತಿ ಜೋಮು ಹಿಡಿದಿತ್ತು. ಮನೆಗೆ ಬರುವಷ್ಟರಲ್ಲಿ ಅರ್ಧ ಇಳಿದಿತ್ತು, ಅದೂ ಖರೆ. ಆದರೆ ಉಪಚಾರದ ರುಚಿ ಹತ್ತಿದವಳು ನಾನು. ಕಟ್ಟೆಯ ಮೇಲೆ ಕುಳಿತು, ನೀರಿನ ತಂಬಿಗೆ ಹಿಡಿದು ಬರುತ್ತಿದ್ದ ಮಗಳಿಗೆ ಕೇಳುವ ಹಾಗೆ ನಾಟಕ ಮಾಡಿದೆ: ‘ಯವ್ವಾ, ಯಾಕೋ ಬಲಗೈ ಸತ್ತಂಗ ಆಗೇತಿ ನೋಡು. ಎತ್ತಾಕ ಬರವಲ್ದು.’

ತಂಬಿಗೆ ಅವಳ ಕೈಯಿಂದ ಬಿತ್ತು. ನೀರು ಅಂಗಳದ ತುಂಬ ಹರಿಯಿತು. ಅವಳು ಒಳಗೆ ಓಡಿದಳು, ಹಿತ್ತಾಳೆ ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಮರುಗಳಿಗೆಯಲ್ಲಿ ಹೊರಗೆ ಬಂದಳು. ಮೆಂತ್ಯೆ ಸೊಪ್ಪು ಸೋಸುತ್ತ ಕುಳಿತಿದ್ದ ಅತ್ತೆಯ ಮುಂದೆ ನಿಂತು ಬಲಗೈ ಚಾಚಿದಳು. ಅಂಗೈ ತುಂಬ ಹಳದಿ.

‘ಆಯಿ, ಅವ್ವ ಆಣಿ ತಪ್ಪಿಲ್ಲ. ಸೈಕಲ್ ಕಲಿಸುವಾಗ ನಾನ ಬಿಡು ಅಂದಿದ್ನಿ. ನಾನ ಅಂದಿದ್ನಿ. ಭಂಡಾರದಾಣಿಗೂ ನಾನ ಅಂದಿದ್ನಿ.’

ಅತ್ತೆಗೆ ತಲೆಬುಡ ತಿಳಿಯಲಿಲ್ಲ. ಹತ್ತಿರ ಕೂರಿಸಿಕೊಂಡು ಬಿಡಿಸಿ ಬಿಡಿಸಿ ಕೇಳಿದರು. ನಾನು ಭಂಡಾರ ಹಿಡಿದು ಮಾತು ಕೊಟ್ಟಿದ್ದು, ಆಮೇಲೆ ಕೈ ಬಿಟ್ಟಿದ್ದು ಹೊರಗೆ ಬಂತು. ‘ನೀ ಬಿಡು ಅಂದ ಮ್ಯಾಲ ಬಿಟ್ಟಾಳ?’ ಎಂದು ಕೇಳಿದರು. ‘ಹೂಂ’ ಎಂದಳು ಮಗಳು. ಅತ್ತೆ ನನ್ನ ಕಡೆ ತಿರುಗಿದರು.

‘ಕೂಸು ಹೇಳೂದು ಖರೇನವಾ?’

ನನಗೆ ಆ ಗಳಿಗೆಯಲ್ಲಿ ಎಲ್ಲ ತಿಳಿದುಹೋಗಿತ್ತು. ಚೀಲ, ಬಕೆಟ್, ಲೋಟ, ನೆಟಿಗೆ, ಎಲ್ಲ. ಹುಡುಗಿ ನನ್ನ ಕೈ ಬೀಳುವುದನ್ನು ದಿನವೂ ಕಾಯುತ್ತಿದ್ದಳು. ಈಗ ಬಿತ್ತು ಎಂದುಕೊಂಡು, ಅದನ್ನು ತನ್ನ ಮೇಲೆ ಹಾಕಿಕೊಳ್ಳಲು ನಿಂತಿದ್ದಳು. ‘ಇಲ್ಲರಿ ಅತ್ತಿ, ನಾನ ಬಿಟ್ಟೇನಿ’ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೊಮ್ಮಗಳನ್ನು ತನ್ನ ಮಡಿಲಿಗೆ ಹಾಕಿ ನೌಕರಿಗೆ ಹೋಗುವ ಸೊಸೆಯ ಬಗ್ಗೆ ಅತ್ತೆಗೆ ಮೊದಲಿನಿಂದಲೂ ಒಂದು ಅಭಿಪ್ರಾಯವಿತ್ತು. ಬಾಯಿಬಿಟ್ಟು ಅಂದವರಲ್ಲ, ನೋಟದಲ್ಲಿ ಇರುತ್ತಿತ್ತು. ಈಗ ಅವರ ಮುಂದೆ, ಕೂಸಿಗೆ ಕೊಟ್ಟ ಮಾತು ತಪ್ಪಿದವಳು, ಮನೆದೇವರ ಭಂಡಾರವನ್ನು ಹಿಟ್ಟು ಎಂದುಕೊಂಡವಳು ಎನ್ನಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

‘ಹೂಂ ರಿ’ ಎಂದೆ.

‘ಹಂಗಾರ ಏನಿಲ್ಲ ಬಿಡು, ಬಸ್ಸಿನಾಗ ಕುಂತು ಹಿಡದಿರ್ತೈತಿ. ತಿಕ್ಕು, ಇಳೀತೈತಿ’ ಎಂದು ಅತ್ತೆ ಮೆಂತ್ಯೆಗೆ ಮರಳಿದರು.

ಚಹಾ ಕುದಿಯುವಷ್ಟರಲ್ಲಿ ಕೈ ಸರಿಹೋಯಿತು. ಮಗಳು ನಾನು ಕಪ್ಪು ಎತ್ತುವುದನ್ನು ನೋಡಿದಳು. ಮುಖ ಅರಳಿತು. ಅವಳ ಪಾಲಿಗೆ ಅದಕ್ಕಿಂತ ದೊಡ್ಡ ರುಜುವಾತು ಬೇಕಿರಲಿಲ್ಲ. ಆಣೆ ಅವ್ವನ ಕೈಯಿಂದ ಇಳಿದು ಬೇರೆ ಕೈಗೆ ಹೋಗಿತ್ತು.

ಹೇಳಬೇಕಿತ್ತು. ರವಿವಾರ ಕೂತು ತಿಳಿಸಿ ಹೇಳೋಣ ಎಂದುಕೊಂಡೆ. ರವಿವಾರ ಗಂಡ ಬಂದಿದ್ದರು, ಮರುವಾರ ಶಾಲೆಯಲ್ಲಿ ಕಿರುಪರೀಕ್ಷೆ. ಮಕ್ಕಳು ಮರೆಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮಗಳು ಈಗ ನನ್ನ ಚೀಲ ಕಸಿದುಕೊಳ್ಳುವುದನ್ನು ಬಿಟ್ಟಿದ್ದಳು, ನಗುತ್ತಿದ್ದಳು, ಉಣ್ಣುತ್ತಿದ್ದಳು. ನಾನು ಹೇಡಿಯಂತೆ ಆ ನಗುವನ್ನು ಹಿಡಿದುಕೊಂಡು ದಿನ ದೂಡಿದೆ.

ಜುಲೈನ ಒಂದು ಬೆಳಿಗ್ಗೆ ನನ್ನ ಬಸ್ಸು ತಡವಾಗಿ ಹೊರಟಿತು. ದೊಡ್ಡ ರಸ್ತೆಯ ತಿರುವಿನಲ್ಲಿ ಕಿಟಕಿಯಿಂದ ಸೈಕಲ್ ಮೇಲೆ ಮಗಳು ಕಂಡಳು. ಎಡಗೈ ಹ್ಯಾಂಡಲ್ ಮೇಲಿತ್ತು. ಬಲಗೈಯನ್ನು ಹೊಟ್ಟೆಗೆ ಆನಿಸಿಕೊಂಡಿದ್ದಳು. ರಸ್ತೆಯ ಉಬ್ಬಿನ ಮೇಲೆ ಸೈಕಲ್ ವಾಲಿತು, ಹಿಂದಿನಿಂದ ಟ್ರಾಕ್ಟರ್ ಹಾರ್ನ್ ಹೊಡೆಯಿತು. ಅವಳು ತುಟಿ ಕಚ್ಚಿಕೊಂಡು ಒಂದೇ ಕೈಯಲ್ಲಿ ಸಾವರಿಸಿಕೊಂಡಳು. ನಾನು ಕಂಡಕ್ಟರನನ್ನು ಕೂಗಿ ಬಸ್ಸು ನಿಲ್ಲಿಸಿ ಇಳಿದೆ. ಓಡಿ ಓಡಿ ಶಾಲೆಯ ಗೇಟು ಮುಟ್ಟಿದಾಗ ಅವಳು ಸೈಕಲ್ಲಿಗೆ ಬೀಗ ಹಾಕುತ್ತಿದ್ದಳು. ಅದನ್ನೂ ಎಡಗೈಯಲ್ಲಿ.

‘ಯಾಕ ಒಂದ ಕೈಲೆ ಹೊಡಿತಿ? ಸಾಯ್ಬೇಕಂತ ಮಾಡಿಯೇನು?’ ಎಂದು ಎಲ್ಲರೆದುರು ಚೀರಿದೆ.

ಅವಳು ಅತ್ತ ಇತ್ತ ನೋಡಿ ದನಿ ತಗ್ಗಿಸಿದಳು. ‘ರೂಢಿ ಮಾಡ್ಕೊಳ್ಳಾಕತ್ತೀನಿ. ಸುಗ್ಗಿಗಿ ಕೈ ಬೀಳತೈತಲ್ಲ. ಆಮ್ಯಾಲೂ ನಾನ ಸಾಲಿಗಿ ಬರ್ತೇನಿ. ನಿನ್ನ ಬಸ್ ತಪ್ಪಂಗಿಲ್ಲ.’

ಹೋಮ್‌ವರ್ಕ್ ಎಷ್ಟು ಮುಗಿದಿದೆ ಎಂದು ಹೇಳುವವಳ ಹಾಗೆ ಹೇಳಿದಳು. ಗಂಟೆ ಹೊಡೆಯಿತು, ಒಳಗೆ ಹೋದಳು. ನಾನು ಅಲ್ಲೇ ಗೋಡೆಗೆ ಆತು ನಿಂತು ಅತ್ತುಬಿಟ್ಟೆ. ಕಾವಲುಗಾರ ಕುರ್ಚಿ ತಂದುಕೊಟ್ಟ.

ಆ ದಿನ ರಜೆ ಹಾಕಿ ಮನೆಗೆ ಹೋಗಿ ಅತ್ತೆಗೆ ಎಲ್ಲ ಹೇಳಿದೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ಅವರು ಆಡುತ್ತಾರೆ ಎಂದು ಕಾದೆ, ಆಡಲಿಲ್ಲ. ‘ನನಗ ಅಂಜಿ ಕೂಸಿನ್ನ ಮುಂದ ಮಾಡಿದ್ಯಲ್ಲವಾ’ ಎಂದರು. ‘ನನ್ನ ಮುಂದ ಹೇಳಿದ್ರ ಏನ್ ಬಂತು? ಅಕಿ ಬರ್ಲಿ, ಅಕಿ ಮುಂದ ಹೇಳು.’

ಸಂಜೆ ಮಗಳು ಬಂದ ಮೇಲೆ ಭಂಡಾರ ಹಿಡಿದು ಹೇಳಿದೆ. ನೀನು ಬಿಡು ಅಂದಿರಲಿಲ್ಲ, ನಾನೇ ಬಿಟ್ಟೆ, ತಪ್ಪು ನನ್ನದು, ಅವತ್ತು ಆಯಿಯ ಮುಂದೆ ಹೇಳಿದ್ದೂ ಸುಳ್ಳು. ಅವಳ ಕಣ್ಣು ತಕ್ಷಣ ನನ್ನ ಬಲಗೈಗೆ ಹೋಯಿತು. ಅತ್ತೆ ಅದನ್ನು ಗಮನಿಸಿದರು. ‘ಅಕಿ ಕೈಗೂ ಏನಾಗಂಗಿಲ್ಲ, ನಿನ್ನ ಕೈಗೂ ಏನಾಗಂಗಿಲ್ಲ. ಬಾಯಿಬಿಟ್ಟು ಒಪ್ಪಿಕೊಂಡವರನ್ನ ಬೀರಪ್ಪ ಕಾಡಂಗಿಲ್ಲ. ತಪ್ಪುಗಾಣಿಕಿ ಕೊಟ್ಟು ಬರೂಣು’ ಎಂದು ಅವಳ ಅಂಗೈಗೆ ಭಂಡಾರ ಹಚ್ಚಿ ಮುತ್ತು ಕೊಟ್ಟರು.

ಆ ವಾರ ಗಂಡನಿಗೆ ಬರಲು ಆಗಲಿಲ್ಲ, ರವಿವಾರ ನಾವು ಮೂವರೇ ಬಾದಾಮಿ ಬಸ್ಸು ಹಿಡಿದು ಊರಿಗೆ ಹೋದೆವು. ಗುಡಿಯಲ್ಲಿ ಕಂಬಳಿಯ ಮೇಲೆ ಕಾಯಿ, ಕಾಣಿಕೆ ಇಟ್ಟು ನಾನು ಅಡ್ಡಬಿದ್ದೆ. ಏನೂ ನಂಬದ ವಿಜ್ಞಾನದ ಅಕ್ಕೋರಾದ ನಾನು ಆ ನೆಲಕ್ಕೆ ಹಣೆ ಹಚ್ಚಿ ನಿಜವಾಗಿ ಬೇಡಿಕೊಂಡೆ. ಪೂಜಾರಿ ನಮ್ಮೆಲ್ಲರ ಮೇಲೆ ಭಂಡಾರ ಎರಚಿ ‘ಮುಗೀತು, ಹೋಗ್ರಿ’ ಎಂದ. ಮಗಳು ಹೊರಗೆ ಬಂದವಳೇ ದೊಡ್ಡಪ್ಪನ ಕುರಿಮರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕುಣಿದಳು. ನನ್ನ ಹೊಟ್ಟೆಯೊಳಗೆ ತಣ್ಣಗಾಯಿತು.

ಮರಳುವಾಗ ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ಮಗಳು ನನ್ನ ಪಕ್ಕ ಕಿಟಕಿಗೆ ಕುಳಿತು ಹೊರಗೆ ನೋಡುತ್ತಿದ್ದಳು.

‘ಅವ್ವಾ’ ಎಂದಳು. ‘ಅವತ್ತ ನೀ ಹೂಂ ಅಂದ್ರ ನನ್ನ ಕೈ ಬೀಳತೈತಿ ಅಂತ ನಿನಗ ಗೊತ್ತಿತ್ತೋ ಇಲ್ಲೋ?’

ನಾನು ಇದನ್ನೆಲ್ಲ ನಂಬುವುದಿಲ್ಲ, ಹಾಗೆ ಯಾರ ಕೈಯೂ ಬೀಳುವುದಿಲ್ಲ ಎನ್ನಬಹುದಿತ್ತು. ಆದರೆ ಅವಳು ಕೇಳುತ್ತಿದ್ದುದು ಅದನ್ನಲ್ಲ. ಅವಳು ಹಾಗೆ ನಂಬಿದ್ದಾಳೆ ಎಂಬುದು ಅವತ್ತು ಆ ಕಟ್ಟೆಯ ಮೇಲೆ ಕುಳಿತ ನನಗೆ ಚೆನ್ನಾಗಿ ಗೊತ್ತಿತ್ತು.

‘ಗೊತ್ತಿತ್ತು’ ಎಂದೆ.

ಅವಳು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ‘ನಾ ಆಗಿದ್ರ ಹೂಂ ಅಂತಿದ್ದಿಲ್ಲ’ ಎಂದು ಮತ್ತೆ ಕಿಟಕಿಯ ಕಡೆ ತಿರುಗಿದಳು.